ಗಾಳಿಯಲ್ಲಿ ನಿಂತ ಕಪ್ಪು ಚುಕ್ಕೆ

“ಬಸವಣ್ಣನ ಮೂಗಿನ ಮುಂದ ಏನೋ ತೇಲಾಕತ್ತೈತಲ್ರೀ!”

ದೊಡ್ಡಬಸಪ್ಪನವರು ಎರಡು ಗಾಜಿನ ಕಿಂಡಿಗಳ ಪೆಟ್ಟಿಗೆಗೆ ಒತ್ತಿದ್ದ ಮುಖವನ್ನು ತೆಗೆಯದೆಯೇ ಬಲಗೈ ಚಾಚಿ ಗಾಳಿಯನ್ನು ತಡಕಿದರು. ಕೈಗೆ ಏನೂ ಸಿಗಲಿಲ್ಲ. ಸಿಗುವುದಾದರೂ ಹೇಗೆ? ಪೆಟ್ಟಿಗೆಯೊಳಗಿದ್ದದ್ದು ಅಂಗೈ ಅಗಲದ ಎರಡು ಫೋಟೋ, ಅಷ್ಟೇ. ಆದರೂ ಅದರೊಳಗೆ ಕಣ್ಣಿಟ್ಟವರೆಲ್ಲ ಬೆಳಿಗ್ಗೆಯಿಂದ ಹೀಗೆಯೇ ಕೈ ಚಾಚುತ್ತಿದ್ದರು. ಗುಡಿಯ ಕಲ್ಲಿನ ನಂದಿ, ಬಸವಣ್ಣ, ಎದುರಿಗೇ ಬಂದು ಕೂತ ಹಾಗೆ ಕಂಡರೆ ಯಾರ ಕೈ ತಾನೇ ಸುಮ್ಮನಿದ್ದೀತು!

“ಕಪ್ಪು ಚುಕ್ಕಿ ಸರ, ನೊಣ ಇರಬೇಕು,” ಎಂದ ಸುಂಕಪ್ಪ. “ಗುಡಿ ಅಂದಮ್ಯಾಲ ನೊಣ ಇರಂಗಿಲ್ಲೇನ್ರಿ?”

“ಗಾಜಿಗೆ ಧೂಳು ಕುಂತಿರಬಹುದು.” ದೊಡ್ಡಬಸಪ್ಪನವರು ಪೆಟ್ಟಿಗೆಯನ್ನು ಮಗುಚಿ, ತಳಕ್ಕೆ ಅಂಟಿಸಿದ ಬಟ್ಟೆಯ ಕೆಳಗಿನ ಕೀಲನ್ನು ಹೆಬ್ಬೆರಳಿನಿಂದ ಒತ್ತಿ, ಫೋಟೋ ಅಂಟಿಸಿದ ರಟ್ಟನ್ನು ಈಚೆಗೆ ಜಾರಿಸಿದರು. ಉಫ್ ಎಂದು ಊದಿ ಮತ್ತೆ ಒಳಗಿಟ್ಟರು. ಮತ್ತೆ ನೋಡಿದರು. ಚುಕ್ಕೆ ಅಲ್ಲೇ ಇತ್ತು. “ಇರ್ಲಿ. ಇಂಥಾದ್ದನ್ನ ನಾನು ಇವತ್ತೇ ಮೊದಲನೇ ಸಲ ನೋಡಾಕತ್ತಿದ್ದು. ಅದ್ಭುತ ಐತಿ.”

ಕುರುಗೋಡಿನ ಊರ ಹೊರಗಿನ ಹಳೆಯ ಕಲ್ಲುಗುಡಿ ಅದು. ಸಾಲೆಯಿಂದ ಎರವಲು ತಂದ ಮೇಜನ್ನು ಮಂಟಪದೊಳಗೆ ಒಂದು ಪಕ್ಕಕ್ಕೆ ಹಾಕಿದ್ದರು. ಹೊರಬಾಗಿಲಿಗೆ ಬೆನ್ನು ಮಾಡಿ ಕೂತವರು ದೊಡ್ಡಬಸಪ್ಪನವರು, ಸರ್ಕಾರದ ಆಳನೋಟ ಪ್ರೋತ್ಸಾಹ ಯೋಜನೆಯ ಪರಿಶೀಲನಾ ಅಧಿಕಾರಿ. ಅವರ ಎಡಗಡೆ ಸಿರುಗುಪ್ಪದ ಸುಂಕಪ್ಪ, ಟೂರಿಂಗ್ ಟಾಕೀಸಿನ ಮಾಲೀಕ. ಕತ್ತಿನಲ್ಲಿ ರೇಷ್ಮೆ ಕರ್ಚೀಫು, ಬಾಯಲ್ಲಿ ಅರ್ಧ ತೆಲುಗು. ಬಲಗಡೆ ಕಂಬಕ್ಕೆ ಒರಗದೆ, ಹಾಕಿದ ಕುರ್ಚಿಯಲ್ಲಿ ಕೂರದೆ ನಿಂತವಳು ವೀರಭದ್ರಮ್ಮ. ಗಂಡ ತೀರಿಕೊಂಡ ಮೇಲೆ ಬಳ್ಳಾರಿಯ ಗಾಂಧಿನಗರದ ಅವನ ಫೋಟೋ ಸ್ಟುಡಿಯೋಕ್ಕೆ ಬೀಗ ಹಾಕದೆ ತಾನೇ ಕ್ಯಾಮೆರಾ ಹಿಡಿದ ಹೆಂಗಸು.

ಇನ್ನು ನಮ್ಮ ಜಂಬಣ್ಣ. ಬಳ್ಳಾರಿಯಲ್ಲಿ ಕಳೆದ ಎತ್ತು, ಓಡಿಹೋದ ಗಂಡ, ಕದ್ದ ಪಂಪುಸೆಟ್ಟು, ಏನು ಕಾಣೆಯಾದರೂ ಜನ ಮೊದಲು ಹತ್ತುವುದು ಅವನ ಮಹಡಿ ಮೆಟ್ಟಿಲನ್ನೇ. ಪೊಲೀಸರಿಗೆ ಇದು ಹಿಡಿಸುವುದಿಲ್ಲ. ಜಂಬಣ್ಣನಿಗೆ ತುಂಬ ಹಿಡಿಸುತ್ತದೆ.

ವೀರಭದ್ರಮ್ಮನ ಸ್ಟುಡಿಯೋದಿಂದ ಕಾಣೆಯಾದ ಪೆಟ್ಟಿಗೆ ಹೊಸ ರೆಕ್ಸಿನ್ ಹೊದ್ದು ಸುಂಕಪ್ಪನ ಹೆಸರಿನಲ್ಲಿ ಸರ್ಕಾರದ ಮೇಜು ಹತ್ತಿದೆಯೆಂದು ಜಂಬಣ್ಣನಿಗೆ ಖಾತ್ರಿಯಿತ್ತು. ಖಾತ್ರಿ ಇದ್ದರೇನು, ಸಾಬೀತು ಇರಲಿಲ್ಲ. ಪೆಟ್ಟಿಗೆಯೊಳಗೇ ಇಟ್ಟಿದ್ದ ನೆಗೆಟಿವ್‌ಗಳೂ ಅದರ ಜೊತೆಗೇ ಹೋಗಿದ್ದವು.

“ಸುಂಕಪ್ಪಾ,” ಎಂದ ಜಂಬಣ್ಣ, ನಶ್ಯದ ಡಬ್ಬಿ ತೆರೆಯುತ್ತ. “ನಿನ್ನ ನೊಣ ಭಾಳ ಶಾಣ್ಯಾ ಇರಬೇಕು.”

“ಯಾಕ?”

“ಎರಡು ಫೋಟೋ ಹೆಂಗ ತೆಗದಿ ಅಂದಿ?”

“ಹೇಳೀನಲ್ಲೋ ಅಣ್ಣಾ. ಒಂದೇ ಕ್ಯಾಮೆರಾ. ಒಂದು ಸಲ ತೆಗೆಯೋದು, ಪಕ್ಕಕ್ಕ ಚೂರು ಸರ್ಸಿ ಇನ್ನೊಂದು ಸಲ ತೆಗೆಯೋದು. ಎಡಗಣ್ಣಿಗೆ ಒಂದು, ಬಲಗಣ್ಣಿಗೆ ಒಂದು. ಎರಡೂ ಕೂಡಿದ್ರ ಆಳ ಕಾಣತೈತಿ.”

“ಹಂಗಾರ ನೀನು ಕ್ಯಾಮೆರಾ ಸರ್ಸಿ, ಫಿಲ್ಮ್ ತಿರುವಿ, ಮತ್ತ ಕ್ಲಿಕ್ ಅನ್ಸೋತನಕ ಆ ನೊಣ ರೆಕ್ಕಿ ಬಡೀದ ಗಾಳ್ಯಾಗ ನಿಂತಿತ್ತೇನು?”

ದೊಡ್ಡಬಸಪ್ಪನವರು ಮುಸಿಮುಸಿ ನಕ್ಕರು. ಸುಂಕಪ್ಪ ನಗಲಿಲ್ಲ. “ನೊಣ ಅಲ್ದಿದ್ರ ಜೇಡರ ಹುಳ. ಬಲಿಗೆ ಜೋತು ಬಿದ್ದಿರತೈತಿ. ಇದೇನು ಎಗ್ಜಾಮಾ?”

“ಎಗ್ಜಾಮೇ,” ಎಂದರು ದೊಡ್ಡಬಸಪ್ಪನವರು, ಈಗ ನಗುವನ್ನು ಬದಿಗಿಟ್ಟು. “ನೋಡ್ರಿ, ಇದು ಜಾತ್ರಿಯ ಆಟಿಗಿ ಸಾಮಾನಲ್ಲ. ತುಂಗಭದ್ರಾ ಡ್ಯಾಮ್ ಕಾಣದ ಮಕ್ಕಳು ಸಾಲ್ಯಾಗ ಕುಂತು ಅದರ ಮುಂದ ನಿಂತಂಗ ನೋಡಬೇಕು. ಮನುಷ್ಯನ ಹೃದಯ ಹೆಂಗೈತಿ ಅಂತ ಹುಡುಗ್ರು ಸುತ್ತ ತಿರುಗಿ ನೋಡಿದಂಗ ತಿಳೀಬೇಕು. ಅಂಥಾ ಪೆಟ್ಟಿಗಿ ಪರದೇಶದಿಂದ ತರ್ಸಾಕ ಸರ್ಕಾರ ಒಲ್ಲೆ ಅಂದೈತಿ. ಜಿಲ್ಲಾದಾಗ ಒಬ್ಬ ತಯಾರಕರನ್ನ ಆರ್ಸಿ, ಶೆಡ್ ಕೊಟ್ಟು, ಎಲ್ಲಾ ಸಾಲಿಗಳ ಪೆಟ್ಟಿಗಿ ಅವರ ಕೈಲೇ ಮಾಡ್ಸೋದು. ಆದ್ರ ಯಂತ್ರನೂ ಚಿತ್ರನೂ ಅವರ ಸ್ವಂತದ್ದೇ ಆಗಿರಬೇಕು. ಸಂಶಯ ಬಂದ್ರ ಚಿತ್ರ ತೆಗೆದ ಜಾಗದಾಗ ನಿಂತು ತೋರಿಸಬೇಕು. ಈ ಪೆಟ್ಟಿಗಿ ನಂದು ಅಂತ ನೀವಿಬ್ರೂ ಅಂತೀರಿ, ಅದಕ್ಕ ನಾವು ಇಲ್ಲಿ ಬಂದೀವಿ.”

ಅವರು ಪೆನ್ನಿನ ಕ್ಯಾಪು ತೆಗೆದರು.

“ಇಬ್ರಿಗೂ ಒಂದೇ ಪ್ರಶ್ನೆ. ಬಸವಣ್ಣನ ಮುಖ ಎದುರಿಗೇ ಕಾಣೋ ಈ ಫೋಟೋ ತೆಗೆಯೋವಾಗ ನೀವು ಎಲ್ಲಿ ನಿಂತಿದ್ರಿ? ಸುಂಕಪ್ಪ, ನೀವು ಹೇಳ್ರಿ.”

“ಇದೇನು ಕೇಳೋ ಮಾತಾ ಸರ!” ಸುಂಕಪ್ಪ ಎದ್ದು ಎದೆಯುಬ್ಬಿಸಿದ. “ಎದುರಿಗೆ ಕಾಣಬೇಕಂದ್ರ ಎದುರಿಗೇ ನಿಲ್ಲಬೇಕು. ಅಗೋ, ಅಲ್ಲಿ. ಬಸವಣ್ಣಗೂ ಗರ್ಭಗುಡಿಗೂ ನಟ್ಟನಡುವ. ಶಿವಗ ಬೆನ್ನು ಮಾಡಿ ನಿಂತು, ಕ್ಲಿಕ್ ಅಂದೆ.”

ಗರ್ಭಗುಡಿಯ ಬಾಗಿಲಲ್ಲಿ ಬಿಲ್ವಪತ್ರೆ ಬಿಡಿಸುತ್ತ ಕೂತಿದ್ದ ಪೂಜಾರಿ ಗಾದಿಲಿಂಗಯ್ಯನ ಕೈ ನಿಂತುಹೋಯಿತು.

ನಮ್ಮ ಸೀಮೆಯಲ್ಲಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಸವಣ್ಣನ ಕಣ್ಣು ಶಿವನ ಮೇಲಿರುತ್ತದೆ. ಆ ನೋಟಕ್ಕೆ ಅಡ್ಡ ಹೋಗಬಾರದು. ನಡೆಯಲು ಕಲಿತ ಕೂಸಿಗೂ ಅವ್ವ ರಟ್ಟೆ ಹಿಡಿದೆಳೆದು ಮೊದಲು ಕಲಿಸುವ ಪಾಠ ಅದೇ. ಗುಡಿಗೆ ಬಂದವರು ಬಸವಣ್ಣನ ಹಿಂದಿನಿಂದಲೋ ಪಕ್ಕದಿಂದಲೋ ಕೈಮುಗಿದು ಹೋಗುತ್ತಾರೆಯೇ ಹೊರತು ನಡುವೆ ದಾಟುವುದಿಲ್ಲ. ಪೂಜಾರಿ ಕೂಡ ಗರ್ಭಗುಡಿಗೆ ಹೋಗುವುದು ಪಕ್ಕದ ಕಿರುಬಾಗಿಲಿನಿಂದ.

“ಅಡ್ಡ ನಿಂತ್ಯಾ?” ಎಂದ ಗಾದಿಲಿಂಗಯ್ಯ.

“ನಿಂತೆ. ತಪ್ಪು ಕಾಣಿಕಿ ಹಾಕೀನಿ, ಸ್ವಾಮಿ. ವಿಜ್ಞಾನದ ಕೆಲಸಕ್ಕ ಶಿವ ಸಿಟ್ಟಾಗಂಗಿಲ್ಲ.” ಸುಂಕಪ್ಪ ತಿರುಗಿದ. ಅವನ ಕಣ್ಣಿಗೆ ಈಗ ಹೊಸ ಹುರುಪು ಬಂದಿತ್ತು. “ಸರ, ಈಗ ಈ ಅಮ್ಮನ್ನ ಕೇಳ್ರಿ. ಈಕಿ ರಾರಾವಿಯ ದೊಡ್ಡ ಶಿವಭಕ್ತರ ಮನಿ ಮಗಳು. ದಿನಾ ಲಿಂಗಪೂಜಿ ಇಲ್ದ ನೀರು ಕುಡಿಯಂಗಿಲ್ಲ. ಈಕಿ ಆ ಜಾಗದಾಗ ಕಾಲಿಡ್ತಾಳಾ? ಕೇಳ್ರಿ!”

ದೊಡ್ಡಬಸಪ್ಪನವರು ವೀರಭದ್ರಮ್ಮನ ಕಡೆ ನೋಡಿದರು. “ನೀವು ಅಲ್ಲಿ ನಿಂತಿದ್ರೇನಮ್ಮ?”

“ಇಲ್ರಿ.” ಒಂದು ಕ್ಷಣವೂ ತಡವರಿಸಲಿಲ್ಲ ಅವಳು. “ಆ ಜಾಗದಾಗ ನಾನು ಕಾಲಿಟ್ಟಿಲ್ಲ. ಯಾವತ್ತೂ ಇಡಂಗಿಲ್ಲ.”

“ಹಂಗಾರ ಎಲ್ಲಿ ನಿಂತಿದ್ರಿ?”

ವೀರಭದ್ರಮ್ಮನ ನೋಟ ಗರ್ಭಗುಡಿಯ ಕಡೆ ಒಂದು ಸಲ ಹೊರಳಿ ವಾಪಸಾಯಿತು. “ಹೇಳಂಗಿಲ್ಲ ಸಾಹೇಬ್ರ.”

“ಹೇಳಂಗಿಲ್ಲ ಅಂದ್ರ?”

“ಒಬ್ರಿಗೆ ಮಾತು ಕೊಟ್ಟೀನಿ. ಫೋಟೋ ನಂದು. ತೇಗದ ಹಲಗಿ ಕೊಯ್ದಾಕಿ ನಾನು. ಕನ್ನಡಕದ ಅಂಗಡಿ ಗಾಜು ತಂದು ಕುಂದ್ರಿಸಿ, ಆಳ ಸರಿ ಬರೋತನಕ ಕಣ್ಣು ಕೆಂಪಗ ಮಾಡ್ಕೊಂಡು ಕುಂತಾಕಿ ನಾನು. ನಂಬಿದ್ರ ನಂಬ್ರಿ, ಬಿಟ್ರ ಬಿಡ್ರಿ.”

ಸುಂಕಪ್ಪ ಚಪ್ಪಾಳೆ ತಟ್ಟಿಯೇಬಿಟ್ಟ. “ಆತಲ್ರಿ! ಫೋಟೋ ಎದುರಿಂದ ತೆಗೆದಿದ್ದು. ಈಕಿ ಎದುರಿಗೆ ನಿಂತಿಲ್ಲ ಅಂತ ಈಕಿ ಬಾಯಾಗೇ ಬಂತು. ಇನ್ನೇನು ಬೇಕು?”

ಇನ್ನೇನೂ ಬೇಕಿರಲಿಲ್ಲ. ದೊಡ್ಡಬಸಪ್ಪನವರು ನಿಟ್ಟುಸಿರು ಬಿಟ್ಟು ಕಾಗದದ ಮೇಲೆ ಬಾಗಿದರು.

ಜಂಬಣ್ಣನಿಗೆ ಒಳಗೊಳಗೇ ಸಂಕಟವಾಯಿತು. ತಾನು ನಂಬಿದ ಹೆಂಗಸನ್ನು ಅವಳ ಭಕ್ತಿಯೇ ಮುಳುಗಿಸುತ್ತಿದೆ. ಸುಳ್ಳು ಹೇಳಿದ್ದರೆ ಉಳಿಯುತ್ತಿದ್ದಳು. ಹೇಳಲಿಲ್ಲ. ಅದಕ್ಕಾಗಿ ಅವಳ ಮೇಲೆ ಸಿಟ್ಟೂ ಬಂತು, ಅಭಿಮಾನವೂ ಉಕ್ಕಿತು. ನಮ್ಮ ಬಳ್ಳಾರಿಯ ಹೆಂಗಸೆಂದರೆ ಹೀಗಿರಬೇಕು ಎಂದುಕೊಂಡ.

“ಸಾಹೇಬ್ರ, ಸಹಿಗೆ ಮುಂಚೆ ದೇವರಿಗೆ ಒಂದು ಕೈ ಮುಗಿದು ಬರ್ತೀನಿ. ಅಷ್ಟು ತಡೀರಿ.”

“ನಿಮ್ಮನ್ನ ಕರೆಸಿದವರು ಯಾರು ಅಂತ ಮೊದಲು ಹೇಳ್ರಿ, ಜಂಬಣ್ಣಾರ,” ಎಂದಳು ವೀರಭದ್ರಮ್ಮ ತಗ್ಗಿದ ದನಿಯಲ್ಲಿ. “ನಾನಂತೂ ಕರೆಸಿಲ್ಲ.”

“ನೀವು ಹೆಂಗ ಮಾತು ಕೊಟ್ಟೀರಿ ನೋಡ್ರಿ, ನಾನೂ ಹಂಗ ಒಬ್ರಿಗೆ ಕೊಟ್ಟೀನಿ ತಂಗಿ,” ಎಂದು ಜಂಬಣ್ಣ ನಡೆದ.

ಮಂಟಪದ ಬಾಗಿಲಾಚೆ ಬೇವಿನ ಮರದ ಕೆಳಗೆ ಒಬ್ಬ ಎತ್ತರದ ರೈತ ನಿಂತಿದ್ದ. ಅಂಗಿಯ ಕಾಲರಿಗೆ ಹಿಂದಿನಿಂದ ಸಿಕ್ಕಿಸಿದ ಕೊಡೆ ಬೆನ್ನ ಮೇಲೆ ಜೋತಿತ್ತು. ವೀರಭದ್ರಮ್ಮನ ಅಣ್ಣ, ರಾರಾವಿಯ ಕೊಟ್ಟೂರಪ್ಪ. ತಂಗಿ ಸ್ಟುಡಿಯೋ ನಡೆಸುತ್ತೇನೆಂದ ದಿನವೇ ಮಾತು ಬಿಟ್ಟವನು. ಊರ ಕಟ್ಟೆಯ ಮೇಲೆ ಕೂತು ಅವಳ ಪೆಟ್ಟಿಗೆಯನ್ನು ಡಬ್ಬಾ ಎಂದು ಆಡಿಕೊಂಡವನು. ಬೆಳಿಗ್ಗೆ ಅವನನ್ನು ಕಂಡಾಗ ವೀರಭದ್ರಮ್ಮ, “ನಗಾಕ ಬಂದಾನ,” ಎಂದಷ್ಟೇ ಹೇಳಿ ಮುಖ ತಿರುಗಿಸಿದ್ದಳು.

ಜಂಬಣ್ಣ ಬಸವಣ್ಣನ ಪಕ್ಕದಲ್ಲಿ ನಿಂತು ಕೈಮುಗಿದ. ಕೈಮುಗಿದವನ ಕಣ್ಣು ಮಾತ್ರ ಮುಚ್ಚಿರಲಿಲ್ಲ. ಬಸವಣ್ಣನ ಬಲಗಿವಿಯ ತುದಿಯಲ್ಲಿ ಒಂದು ಚೂರು ಹಾರಿಹೋಗಿತ್ತು. ಹಳೆಯ ಮುಕ್ಕು, ಎಣ್ಣೆ ಕುಡಿದು ಕಪ್ಪಾಗಿತ್ತು. ಎಡಗಿವಿ ಇಡಿಯಾಗಿತ್ತು.

ಅವನು ಮೇಜಿಗೆ ಬಂದು ಪೆಟ್ಟಿಗೆ ಎತ್ತಿ ಬೆಳಕಿಗೆ ಹಿಡಿದು ಒಂದು ಸಲ ನೋಡಿದ. ಮತ್ತೆ ಬಸವಣ್ಣನ ಕಡೆ ನೋಡಿದ. ಆಮೇಲೆ ಗರ್ಭಗುಡಿಯ ಕಡೆ. ಅಲ್ಲಿ ಗೋಡೆಗೆ ಒರಗಿಸಿಟ್ಟ ಒಂದು ವಸ್ತುವಿಗೆ ಗಾದಿಲಿಂಗಯ್ಯ ತನ್ನ ಉತ್ತರೀಯ ಹೊದಿಸಿದ್ದ. ಹೊದಿಸುವ ಅಗತ್ಯ ಏನಿತ್ತೋ!

ಜಂಬಣ್ಣನ ಮುಖದಲ್ಲಿ ನಗು ಅರಳಿತು. ನಶ್ಯ ಏರಿಸಿ ಗಟ್ಟಿಯಾಗಿ ಸೀನಿದ.

“ಸುಂಕಪ್ಪಾ, ಬಾ ಇಲ್ಲಿ. ನನ್ನ ಎದುರಿಗೆ ನಿಲ್ಲು. ನೀನು ಬಸವಣ್ಣನ ಎದುರಿಗೆ ನಿಂತಿದ್ದ್ಯಲ್ಲ, ಹಂಗ.”

“ಏಮಿ ಆಟಾ ಇದಿ?”

“ನಿಲ್ಲಪ್ಪಾ. ಈಗ ನಾನು ಬಸವಣ್ಣ.” ಜಂಬಣ್ಣ ತನ್ನ ಬಲಗಿವಿ ಹಿಡಿದುಕೊಂಡ. “ನಾನು ಹಿಡಕೊಂಡಿದ್ದು ಯಾವ ಕಿವಿ?”

“ಬಲಗಿವಿ.”

“ನಿನಗ ಅದು ಯಾವ ಬದಿಗೆ ಕಾಣತೈತಿ?”

ಸುಂಕಪ್ಪ ಕೈ ಎತ್ತಿ ತೋರಿಸಿದ. “ನನ್ನ ಎಡಕ್ಕ.”

“ನೆನಪಿಟ್ಕೋ. ಸಾಹೇಬ್ರ, ಬಸವಣ್ಣನ ಬಲಗಿವಿ ತುದಿ ಮುಕ್ಕಾಗೈತಿ, ಎದ್ದು ಬಂದು ನೋಡ್ರಿ. ಎದುರಿಗೆ ನಿಂತು ಫೋಟೋ ತೆಗೆದಿದ್ರ ಆ ಮುಕ್ಕು ನಿಮ್ಮ ಎಡಕ್ಕ ಕಾಣಬೇಕು. ಈಗ ಪೆಟ್ಟಿಗ್ಯಾಗ ನೋಡ್ರಿ.”

ದೊಡ್ಡಬಸಪ್ಪನವರು ಬಸವಣ್ಣನನ್ನು ಪಕ್ಕದಿಂದ ನೋಡಿ ಬಂದರು. ಪೆಟ್ಟಿಗೆಗೆ ಕಣ್ಣಿಟ್ಟರು.

“ಬಲಕ್ಕೈತಿ,” ಎಂದರು. “ಮುಕ್ಕು ನನ್ನ ಬಲಕ್ಕೈತಿ!”

“ನೆಗೆಟಿವ್!” ಎಂದು ಕೂಗಿದ ಸುಂಕಪ್ಪ. “ನೆಗೆಟಿವ್ ಉಲ್ಟಾ ಇಟ್ಟು ಪ್ರಿಂಟ್ ಹಾಕೀನಿ. ಎಲ್ಲರ ಕೈಲೂ ಆಗ್ತೈತಿ ಅದು.”

“ಆಗ್ತೈತಿ, ಒಪ್ಪಿದೆ,” ಎಂದ ಜಂಬಣ್ಣ. “ಆದ್ರ ಗಾಳ್ಯಾಗಿನ ಚುಕ್ಕಿ? ಅದೂ ನೆಗೆಟಿವ್ ಉಲ್ಟಾ ಇಟ್ಟಿದ್ದಕ್ಕ ಹುಟ್ಟಿತೇನು? ನೊಣ ಅಲ್ಲ, ಜೇಡ ಅಲ್ಲ, ಧೂಳಲ್ಲ. ಎರಡೂ ಫೋಟೋದಾಗ ಅಲ್ಲಾಡದ ನಿಂತೈತಿ. ಬಸವಣ್ಣನ ಮುಂದ, ಬಯಲಾಗ. ಅಲ್ಲಿ ಕಣ್ಣಿಗೆ ಕಾಣದ ಗೋಡಿ ಒಂದು ಇದ್ದಿರಬೇಕು ನೋಡು. ಚುಕ್ಕಿ ಆ ಗೋಡಿಗೆ ಅಂಟಿರಬೇಕು.”

“ಕಾಣದ ಗೋಡಿನಾ?”

“ಕನ್ನಡಿ.”

ವೀರಭದ್ರಮ್ಮ ಥಟ್ಟನೆ ಮುಂದೆ ಬಂದಳು. “ಸಾಕು ಬಿಡ್ರಿ ಜಂಬಣ್ಣಾರ. ಶೆಡ್ ಹೋದ್ರ ಹೋಗ್ಲಿ. ಮುಂದ ಮಾತಾಡಬ್ಯಾಡ್ರಿ.”

“ನೀವು ಮಾತು ಕೊಟ್ಟೀರಿ, ಮುರೀಬ್ಯಾಡ್ರಿ. ಆ ಮಾತು ನಾನು ಕೊಟ್ಟಿಲ್ಲ.” ಜಂಬಣ್ಣ ಗರ್ಭಗುಡಿಯ ಕಡೆ ತಿರುಗಿ ಕೈಮುಗಿದ. “ಅಯ್ಯನೋರ, ಪೂಜಿ ಹೊತ್ತಿನ್ಯಾಗ ಶಿವಗ ಕನ್ನಡಿ ಹಿಡಿಯೋ ಸೇವಾ ಐತಲ್ಲ ಈ ಗುಡ್ಯಾಗ. ಆ ಉತ್ತರೀಯದ ಕೆಳಗಿರೋದು ಅದೇ ಕನ್ನಡಿ ಹೌದಲ್ರಿ?”

ಗಾದಿಲಿಂಗಯ್ಯ ತಲೆ ತಗ್ಗಿಸಿದ. ಆ ಮುದುಕ ನಿಧಾನವಾಗಿ ಎದ್ದ. ಉತ್ತರೀಯ ಸರಿಸಿ, ಹಿತ್ತಾಳೆ ಚೌಕಟ್ಟಿನ ಆಳೆತ್ತರದ ಕನ್ನಡಿಯನ್ನು ಹೊಸ್ತಿಲ ತನಕ ತಂದು, ಬಸವಣ್ಣನ ಮುಖಕ್ಕೆ ತಿರುಗಿಸಿ ನಿಲ್ಲಿಸಿದ.

“ತಪ್ಪು ನಂದು, ಸಾಹೇಬ್ರ,” ಎಂದ. “ಶಿವನ ಕನ್ನಡಿಯನ್ನ ಶಿವಗ ಬೆನ್ನು ಮಾಡಿ ನಿಲ್ಸಿದ್ದು ಊರಿಗೆ ತಿಳಿದ್ರ ನನ್ನ ಪೂಜಿ ಬಿಡಿಸ್ತಾರ ಅಂತ ಅಂಜಿದೆ. ಯಾರಿಗೂ ಹೇಳಬ್ಯಾಡವ್ವಾ ಅಂತ ಈ ತಾಯಿ ಹತ್ರ ಮಾತು ಇಸ್ಕೊಂಡಿದ್ದೆ. ಈಕಿ ನಡುವ ದಾಟಲಿಲ್ಲ. ಬಸವಣ್ಣನ ಬಾಜೂಕ ನಿಂತು, ಕನ್ನಡ್ಯಾಗ ಕಂಡ ಮುಖದ ಫೋಟೋ ತೆಗೆದ್ಲು. ನನಗೋಸ್ಕರ ಎಲ್ಲಾ ಕಳ್ಕೊಳ್ಳಾಕ ನಿಂತಾಳಂದ್ರ ನಾನಿನ್ನು ಬಾಯಿ ಮುಚ್ಕೊಂಡು ಕುಂದ್ರಬೇಕಾ?”

ದೊಡ್ಡಬಸಪ್ಪನವರು ಬಸವಣ್ಣನ ಪಕ್ಕಕ್ಕೆ ಹೋಗಿ ನಿಂತು ಕನ್ನಡಿಯೊಳಗೆ ನೋಡಿದರು. ಬಸವಣ್ಣ ಅವರನ್ನೇ ನೋಡುತ್ತಿದ್ದ. ಮುಕ್ಕಾದ ಕಿವಿ ಬಲಕ್ಕೆ. ಮೂಗಿನ ಮುಂದೆ, ಕನ್ನಡಿಯ ಮೈಮೇಲೆ, ಕಲಾಯಿ ಕಿತ್ತುಹೋದ ಕಡೆ ಒಂದು ಕಪ್ಪು ಚುಕ್ಕೆ.

ಪೆಟ್ಟಿಗೆಯಲ್ಲಿ ನೋಡಿದರು. ಕನ್ನಡಿಯಲ್ಲಿ ನೋಡಿದರು. ಮತ್ತೊಂದು ಸಲ ಪೆಟ್ಟಿಗೆಯಲ್ಲಿ.

“ಅದೇ ಚುಕ್ಕಿ,” ಎಂದರು. “ಪ್ರಿಂಟ್ ಹಾಕೋವಾಗ ತಿರುಗಿಸಿ ಹಾಕಬಹುದಿತ್ತಲ್ಲಮ್ಮ? ಕಿವಿ ಸರಿಯಾಗಿ ಬರ್ತಿತ್ತು.”

“ಯಾಕ ತಿರುಗಿಸ್ಲಿ?” ಎಂದಳು ವೀರಭದ್ರಮ್ಮ. ಅವಳ ಕಣ್ಣು ತುಂಬಿತ್ತು, ದನಿ ಮಾತ್ರ ಬಾಗಿರಲಿಲ್ಲ. “ಕನ್ನಡಿ ಹೆಂಗ ಕೊಟ್ಟಿತೋ ಹಂಗೇ ಇಟ್ಟೆ. ಅಡ್ಡ ನಿಲ್ದೇನೂ ಬಸವಣ್ಣನ ಮುಖ ತಂದೀನಿ ಅಂತ ನನಗ ಹೆಮ್ಮಿ ಐತಿ. ಆ ಹೆಮ್ಮಿ ಅಳಿಸಿ ಹಾಕ್ಲಾ?”

ಸುಂಕಪ್ಪ ರೇಷ್ಮೆ ಕರ್ಚೀಫಿನಿಂದ ಮುಖ ಒರೆಸಿಕೊಂಡ. ಇಲ್ಲಿತನಕ ಕತ್ತಿನಲ್ಲಿ ಶೋಕಿಗಿದ್ದದ್ದು ಈಗ ಕೆಲಸಕ್ಕೆ ಬಂತು.

“ನಾನು ಕದ್ದಿಲ್ರಿ! ಬಸವಣ್ಣನ ಆಣಿ, ನಾನು ಕದ್ದಿಲ್ಲ. ನನ್ನ ಟಾಕೀಸಿನ ಟಿಕೆಟ್ ಕಿಟಕಿ ಮುಂದ ಯಾರೋ ಗೋಣಿಚೀಲದಾಗ ಇಟ್ಟು ಹೋಗಿದ್ರು. ಆಮ್ಯಾಲ ಫೋನ್ ಬಂತು. ನಿನ್ನ ಹೆಸರಿಲೆ ಅರ್ಜಿ ಹಾಕು, ಉಳಿದದ್ದು ನಾನು ನೋಡ್ಕೋತೀನಿ ಅಂತ. ದನಿ ಯಾರದೋ ಗೊತ್ತಿಲ್ಲ. ಟಿ.ವಿ. ಬಂದಮ್ಯಾಲ ನನ್ನ ಟಾಕೀಸಿಗೆ ಜನ ಬರಂಗಿಲ್ಲ. ಆಸಿ ಬಿದ್ದೆ.”

“ಉಳಿದದ್ದು ನಾನು ನೋಡ್ಕೋತೀನಿ,” ಎಂದು ಜಂಬಣ್ಣ ಆ ಮಾತನ್ನು ಮೆಲ್ಲಗೆ ತಿರುಗಿ ಹೇಳಿದ. ಸುಂಕಪ್ಪನಿಗೆ ಇಷ್ಟು ಭರವಸೆ ಕೊಡುವ ಮನುಷ್ಯ ಯಾರು? ಜಂಬಣ್ಣ ಆ ಪ್ರಶ್ನೆಯನ್ನು ಕಿಸೆಯಲ್ಲಿಟ್ಟುಕೊಂಡ.

ದೊಡ್ಡಬಸಪ್ಪನವರು ಮೇಜಿಗೆ ವಾಪಸಾಗಿ ಪೆಟ್ಟಿಗೆಯನ್ನು ವೀರಭದ್ರಮ್ಮನ ಮುಂದೆ ಸರಿಸಿದರು. “ಯೋಜನೆಯ ಆಯ್ಕೆ ನಿಮ್ಮ ಹೆಸರಿಗೇ ಆಗ್ತೈತಿ. ಏನಂತ ಬರೀಲಿ, ನೀವೇ ಹೇಳ್ರಿ.”

“ಈ ಪೆಟ್ಟಿಗಿ ಬಳ್ಳಾರ್ಯಾಗ ಹುಟ್ಟಿದ್ದು ಅಂತ ಬರೀರಿ ಸಾಹೇಬ್ರ. ಮೊದಲು ಅದು. ನನ್ನ ಹೆಸರು ಸಣ್ಣದಾಗಿ ಬರದ್ರೂ ನಡೀತೈತಿ.” ಅವಳು ಒಂದು ಗಳಿಗೆ ಯೋಚಿಸಿದಳು. “ಇಲ್ಲ, ಬ್ಯಾಡ. ಅದನ್ನೂ ದೊಡ್ಡದಾಗಿಯೇ ಬರೀರಿ.”

ಗಾದಿಲಿಂಗಯ್ಯ ನಕ್ಕುಬಿಟ್ಟ. ಜಂಬಣ್ಣನಂತೂ ಪೆಟ್ಟಿಗೆ ತಾನೇ ಮಾಡಿದವನ ಹಾಗೆ ಮೀಸೆ ತೀಡಿದ. ಸರ್ಕಾರದ ಯೋಜನೆ ಎಂದರೆ ಬೆಂಗಳೂರಿನ ಕಡತದಲ್ಲಿ ಹುಟ್ಟಿ ಅಲ್ಲೇ ಮಲಗುವಂಥದ್ದು ಎಂದು ದಿನಾ ಬೈಯುತ್ತಿದ್ದವನು ಅವನೇ. ಇವತ್ತು ಅದೇ ಯೋಜನೆ ಗಾಂಧಿನಗರದ ಒಂದು ಸಣ್ಣ ಸ್ಟುಡಿಯೋ ಮುಂದೆ ಬಂದು ನಿಂತಿತ್ತು. ಅವನಿಗೆ ಎದೆ ತುಂಬಿ ಬಂತು.

“ಗದ್ದಲದಾಗ ನಾನೇ ಸರಿಯಾಗಿ ನೋಡಿಲ್ಲ. ಕೊಡ್ರಿ ಇಲ್ಲಿ,” ಎಂದು ಪೆಟ್ಟಿಗೆ ಇಸಿದುಕೊಂಡ.

ಬಸವಣ್ಣ ಬಂದು ಎದುರು ಕೂತ. ಕಿವಿ, ಕೊಂಬು, ಕೊರಳ ಗಂಟೆಸರ. ಅವನ ಬೆನ್ನ ಹಿಂದೆ, ಕನ್ನಡಿಯ ಆಳದಲ್ಲಿ, ಮಂಟಪದ ಕಂಬಗಳ ಸಾಲು. ಕೊನೆಯ ಕಂಬದ ಮಗ್ಗುಲಲ್ಲಿ ಮಾತ್ರ ಏನೋ ಮಿಣಮಿಣ ಎನ್ನುತ್ತಿತ್ತು. ನೋಡಿದರೆ ಇದೆ, ದಿಟ್ಟಿಸಿದರೆ ಇಲ್ಲ.

“ಆ ಮೂಲ್ಯಾಗ ಏನೋ ಮಿಣುಕತೈತಲ್ಲ ತಂಗಿ?”

“ಅದು ನನ್ನ ಪ್ರಿಂಟಿನ ತಪ್ಪು,” ಎಂದಳು ವೀರಭದ್ರಮ್ಮ ಸ್ವಲ್ಪ ನಾಚಿ. “ಎಷ್ಟು ತೊಳೆದು ಹಾಕಿದ್ರೂ ಹೋಗಲಿಲ್ಲ.”

ಜಂಬಣ್ಣ ಎಡಗಣ್ಣು ಮುಚ್ಚಿ ನೋಡಿದ. ಬರೀ ಕಂಬ. ಬಲಗಣ್ಣು ಮುಚ್ಚಿ ನೋಡಿದ.

ಅವನ ಮೀಸೆಯ ಮೇಲಿನ ಕೈ ಕೆಳಗಿಳಿಯಿತು.

“ತಪ್ಪಲ್ಲ ತಂಗಿ. ಒಂದು ಫೋಟೋದಾಗ ಐತಿ, ಇನ್ನೊಂದ್ರಾಗ ಇಲ್ಲ. ಅದಕ್ಕ ಮಿಣುಕತೈತಿ. ನೀವು ಕ್ಯಾಮೆರಾ ಸರ್ಸೋ ಹೊತ್ತಿಗೆ ಅದು ಕಂಬದ ಮರೀಗೆ ಸರದೈತಿ.” ಅವನು ಪೆಟ್ಟಿಗೆಯನ್ನು ಅವಳ ಕೈಗಿಟ್ಟ. “ಬಲಗಣ್ಣು ಮುಚ್ಚಿ ನೋಡ್ರಿ. ಎಡಗಣ್ಣಿಗೆ ಕಾಣತೈತಿ.”

ಅವಳು ನೋಡಿದಳು.

ಕಂಬದ ಹಿಂದಿನಿಂದ ಇಣುಕಿದ ಒಬ್ಬ ಎತ್ತರದ ಮನುಷ್ಯ. ಬೆನ್ನ ಮೇಲೆ ಜೋತುಬಿದ್ದ ಕೊಡೆಯ ತುದಿ. ಎದೆಯ ಮುಂದೆ ಜೋಡಿಸಿದ ಕೈ. ಮುಗಿದದ್ದು ಬಸವಣ್ಣನಿಗೋ, ಕ್ಯಾಮೆರಾ ಹಿಡಿದು ನಿಂತ ತಂಗಿಗೋ ಹೇಳುವುದು ಕಷ್ಟ. ಆದರೆ ಮುಖದ ಮೇಲಿದ್ದದ್ದು ಕಟ್ಟೆಯ ಮೇಲಿನ ಆ ನಗೆಯಲ್ಲ. ಮಗುವಿನ ಮೊದಲ ಹೆಜ್ಜೆ ನೋಡುವ ತಂದೆಗೆ ಇರುವಂಥ ಕಣ್ಣು.

“ಅಣ್ಣಾ...” ಎಂದಳು ವೀರಭದ್ರಮ್ಮ. ಅದು ಬೇವಿನ ಮರದ ತನಕ ಕೇಳಿಸುವಷ್ಟು ಗಟ್ಟಿಯಾಗಿರಲಿಲ್ಲ. ಎರಡನೆಯ ಸಲ ಕೂಗಿಯೇ ಕರೆದಳು. “ಅಣ್ಣಾ! ಬಾ ಒಳಗ!”

ಕೊಟ್ಟೂರಪ್ಪ ಚಪ್ಪಲಿ ಬಿಟ್ಟು ಬಾಗಿಲಿಗೆ ಬಂದ. ತಂಗಿಯ ಕೈಯಲ್ಲಿನ ಪೆಟ್ಟಿಗೆ ನೋಡಿದ, ಜಂಬಣ್ಣನ ಮುಖ ನೋಡಿದ. ಎಲ್ಲ ತಿಳಿಯಿತು ಅವನಿಗೆ.

“ಹೇಳಿಬಿಟ್ರ್ಯಾ ಜಂಬಣ್ಣಾರ?”

“ನಾನು ಹೇಳಿಲ್ಲ ಗೌಡ್ರ. ನಿಮ್ಮ ತಂಗಿಯ ಪೆಟ್ಟಿಗಿ ಹೇಳ್ತು.”

“ಇವ್ರನ್ನ ಕರೆಸಿದಾಂವ ನೀನಾ?” ವೀರಭದ್ರಮ್ಮ ಪೆಟ್ಟಿಗೆಯನ್ನು ಎದೆಗವಚಿಕೊಂಡಳು. “ಮಂದಿ ಮುಂದ ಡಬ್ಬಾ ಅಂತಿದ್ದಿ. ಕಂಬದ ಹಿಂದ ನಿಂತು ಕೈ ಮುಗೀತಿದ್ದ್ಯಾ?”

“ಮುಂದ ಬಂದು ಹೇಳಾಕ ನಾಚಿಗಿ ಆತವ್ವಾ,” ಎಂದ ಕೊಟ್ಟೂರಪ್ಪ. “ಒಮ್ಮೆ ಆಡಿಕೊಂಡ ಬಾಯಿ, ಹೊಗಳಾಕ ಬರಲಿಲ್ಲ. ಆದ್ರ ತಡಕೊಳ್ಳಾಕೂ ಆಗಲಿಲ್ಲ. ನನ್ನ ತಂಗಿ ಏನು ಮಾಡ್ಯಾಳ ನೋಡ್ರಲೇ ಅಂತ ರಾರಾವಿ ಮಂದಿಗೆ ತೋರಿಸ್ಬೇಕು ಅನ್ನಿಸ್ತು. ನೀನು ಅಂಗಡಿಗೆ ಹೋದಾಗ ಸ್ಟುಡಿಯೋದಿಂದ ಪೆಟ್ಟಿಗಿ ಒಯ್ದಾಂವ ನಾನ. ಸಂಜಿಗೆ ತಂದು ಇಡೋನಿದ್ದೆ.”

ಇದು ಜಂಬಣ್ಣನಿಗೂ ಹೊಸ ಸುದ್ದಿ. ಪೆಟ್ಟಿಗೆ ಹುಡುಕಿಕೊಡಿ, ನನ್ನ ಹೆಸರು ಹೇಳಬೇಡಿ ಎಂದು ಮಹಡಿ ಹತ್ತಿ ಬಂದು ಕೈ ಹಿಡಿದವನು ಇದೇ ಮನುಷ್ಯ. ಕಳವಾದದ್ದನ್ನು ಹೇಳಿದ್ದ, ಒಯ್ದವನು ಯಾರೆಂದು ಹೇಳಿರಲಿಲ್ಲ!

“ಹಂಗಾರ ಈ ಸುಂಕಪ್ಪಗ ಯಾಕ ಕೊಟ್ಟಿ?” ವೀರಭದ್ರಮ್ಮ ಕೇಳಿದಳು.

“ಸುಂಕಪ್ಪನ ಮುಖಾನೇ ನಾನು ನೋಡಿಲ್ಲವ್ವಾ. ರಾರಾವಿ ಕ್ರಾಸಿನ್ಯಾಗ ಬಸ್ ಇಳದಿದ್ದೆ. ಒಂದು ಜೀಪು ನಿಂತಿತು. ಏನಿದು ಅಂತ ಕೇಳಿದ್ರು. ನಾನು ಹೆಮ್ಮಿಲೆ ತೋರಿಸ್ದೆ. ಒಳಗಿನ ಕೀಲು ಹೆಂಗ ಒತ್ತೋದು ಅಂತನೂ ಹೇಳಿಕೊಟ್ಟೆ. ನಾನು ಸರ್ಕಾರದ ಯೋಜನೆಯವ, ನಿನ್ನ ತಂಗಿ ಹೆಸರಿಲೆ ಮ್ಯಾಲಕ್ಕ ಮುಟ್ಟಿಸ್ತೀನಿ ಅಂದ್ರು. ನಂಬಿ ಕೈಯಾಗ ಇಟ್ಟೆ.”

“ಯಾರವ್ರು? ಹೆಸರೇನು?”

“ಹೆಸರು ಕೇಳಲಿಲ್ಲ.” ಕೊಟ್ಟೂರಪ್ಪ ಬಾಗಿಲಿನಿಂದ ಇನ್ನೊಂದು ಹೆಜ್ಜೆ ಒಳಗಿಟ್ಟ. ಹೊರಗಿನ ಬಿಸಿಲಿನಿಂದ ನೋಡಿದರೆ ಮಂಟಪದ ಮಬ್ಬಿನಲ್ಲಿ ಬೆಳಿಗ್ಗೆಯಿಂದ ಅವನಿಗೆ ಬರೀ ಬೆನ್ನು ಕಾಣುತ್ತಿದ್ದ ಕುರ್ಚಿಯ ಪಕ್ಕಕ್ಕೆ ಬಂದು ನಿಂತು, ಅದರಲ್ಲಿ ಕೂತವರ ಮುಖವನ್ನು ಮೊದಲ ಸಲ ನೋಡಿದ. ನೋಡುತ್ತಲೇ ನಿಂತ.

ಜಂಬಣ್ಣನಿಗೆ ಬೆಳಗಿನದೆಲ್ಲ ಒಮ್ಮೆಲೇ ನೆನಪಾಯಿತು. ಇವತ್ತೇ ಮೊದಲನೇ ಸಲ ನೋಡುತ್ತಿದ್ದೇನೆ ಎಂದವರು, ಬಟ್ಟೆಯ ಕೆಳಗೆ ಅಡಗಿದ ಆ ಕೀಲನ್ನು ಯಾರೂ ತೋರಿಸಿಕೊಡದೆ ಒತ್ತಿದ್ದರು. ಕಿಸೆಯಲ್ಲಿಟ್ಟುಕೊಂಡಿದ್ದ ಆ ಫೋನಿನ ಪ್ರಶ್ನೆಗೂ ಉತ್ತರ ಸಿಕ್ಕಿತ್ತು.

“ಪೆಟ್ಟಿಗಿ ಇಸ್ಕೊಂಡವ್ರು,” ಎಂದ ಕೊಟ್ಟೂರಪ್ಪ, “ನಿನ್ನ ಕಾಗದಕ್ಕ ಸಹಿ ಹಾಕಾಕ ಇಲ್ಲೇ ಕುಂತಾರ ನೋಡವ್ವಾ.”

ದೊಡ್ಡಬಸಪ್ಪನವರು ತಲೆ ಎತ್ತಲಿಲ್ಲ. ಅರ್ಧ ಬರೆದ ಸಹಿಯ ಮೇಲೆ ನಿಂತಿದ್ದ ಪೆನ್ನಿಗೆ ನಿಧಾನವಾಗಿ ಕ್ಯಾಪು ಹಾಕಿದರು.